ಗಂಡನ ಗುರಿಯನ್ನು ಅಳೆದವಳು

ಟೇಪಕ್ಕನ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಏನೂ ಪ್ರಯೋಜನವಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಕಟಿಂಗ್ ವಿಭಾಗದ ಮುಖ್ಯಸ್ಥೆ. ಅಂಚೆಯವರು, ಆಸ್ಪತ್ರೆಯವರು, ಹೋಟೆಲಿನ ಬಾಗಿಲು ಕಾಯುವವರು, ಹೀಗೆ ಊರಿನ ಅರ್ಧ ಜನರ ಸೊಂಟದ ಸುತ್ತಳತೆ ಅವಳಿಗೆ ಬಾಯಿಪಾಠ. ರಸ್ತೆಯ ಆಚೆ ಬದಿಯಲ್ಲಿ ಹೋಗುವವನನ್ನು ನೋಡಿ, ಇವನು ಒಂದು ಸೈಜ್ ಚಿಕ್ಕ ಕಾಲರ್ ಹಾಕಿಕೊಂಡಿದ್ದಾನೆ, ಅದಕ್ಕೇ ಮುಖ ಕೆಂಪಗಿದೆ ಎಂದು ಹೇಳಿಬಿಡುತ್ತಾಳೆ. ಹೇಳುವುದೂ ಮೆಲ್ಲಗಲ್ಲ, ಅವನಿಗೆ ಕೇಳಿಸುವ ಹಾಗೆ.

ವಿನಯವೆಂಬುದು ಅವಳ ಅಂಗಡಿಯಲ್ಲಿ ಸಿಗುವ ಮಾಲಲ್ಲ. ಕಾರ್ಖಾನೆಗೆ ಸೇರಿದಾಗ ಅವಳ ಕೆಲಸ ಹೊಲಿದ ಬಟ್ಟೆಯಿಂದ ಜೋತಾಡುವ ದಾರ ಕತ್ತರಿಸುವುದು. ಒಂದು ದಿನ ಕಟಿಂಗ್ ಮಾಸ್ತರು ಜ್ವರವೆಂದು ಮನೆಯಲ್ಲಿ ಮಲಗಿದರು, ಇತ್ತ ಆರ್ಡರಿನ ಗಡುವು ತಲೆಯ ಮೇಲೆ ಕೂತಿತ್ತು. ಮಾಲೀಕರು ಫೋನ್ ಹಿಡಿದುಕೊಂಡು ಬೇರೆ ಮಾಸ್ತರನ್ನು ಹುಡುಕುತ್ತಿರುವಾಗ ಇವಳು ಹೋಗಿ ಕತ್ತರಿಸುವ ಮಿಷಿನ್ ಚಾಲೂ ಮಾಡಿ, ಒಂದರ ಮೇಲೊಂದು ಹಾಸಿಟ್ಟ ಬಟ್ಟೆಯ ಇಡೀ ರಾಶಿಯನ್ನು ಗೆರೆ ತಪ್ಪದೆ ಕತ್ತರಿಸಿ ಮುಗಿಸಿದಳು. ಯಾರನ್ನು ಕೇಳಿ ಮಾಡಿದೆ ಎಂದು ಮಾಲೀಕರು ಗದರಿದರು. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ ಎಂದಳು. ಆಮೇಲೆ ಅವಳನ್ನು ಆ ಟೇಬಲ್ಲಿನಿಂದ ಕದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅಳೆಯುವ ಟೇಪು ಕೊರಳಿಗೆ ಬಿದ್ದದ್ದೂ ಆಗಲೇ, ಹೆಸರು ಟೇಪಕ್ಕ ಎಂದಾದದ್ದೂ ಆಗಲೇ.

ಇಂಥವಳಿಗೆ ಸಿಕ್ಕ ಗಂಡ ಬೆಣ್ಣೆಯಂಥವನು. ಬೇಕರಿ ನಡೆಸುತ್ತಾನೆ. ಮಾತು ಕಡಿಮೆ, ನಗು ಜಾಸ್ತಿ. ಎಲ್ಲಿಗೆ ಹೋದರೂ ಕೈಯಲ್ಲಿ ಬನ್ನಿನ ಪೊಟ್ಟಣ ಇದ್ದೇ ಇರುತ್ತದೆಂದು ಊರವರು ಅವನನ್ನು ಬನ್ನಣ್ಣ ಅನ್ನುತ್ತಾರೆ. ಬೆಳಗಿನ ಒಲೆ ಆರಿಸಿದ ಮೇಲೆ ಬನ್ನಣ್ಣನಿಗಿರುವ ಹುಚ್ಚು ಒಂದೇ, ಏರ್ ರೈಫಲ್. ರೈಲ್ವೆ ಹಳಿಯ ಪಕ್ಕ ಒಂದು ಹಳೆಯ ಗೋದಾಮಿದೆ. ಅದರಲ್ಲಿ ಊರಿನ ಶೂಟಿಂಗ್ ಕ್ಲಬ್ಬು. ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಮರದ ಕಟ್ಟೆ, ಇನ್ನೊಂದು ತುದಿಯಲ್ಲಿ ದೀಪದ ಕೆಳಗೆ ಗುರಿಯ ಕಾರ್ಡುಗಳು. ಒಳಗೆ ಹೋದರೆ ಎಣ್ಣೆಯ ವಾಸನೆ, ಹಳೆ ಕಾಗದದ ವಾಸನೆ. ರೈಲು ಹೋಗುವಾಗ ಎಲ್ಲರೂ ರೈಫಲ್ ಕೆಳಗಿಟ್ಟು ಕಾಯುತ್ತಾರೆ, ಹೋದ ಮೇಲೆ ಮತ್ತೆ ಎತ್ತುತ್ತಾರೆ.

ಟೇಪಕ್ಕ ಮೊದಲ ಸಲ ಅಲ್ಲಿಗೆ ಹೋದದ್ದು ಗಂಡನನ್ನು ಎಳೆದುಕೊಂಡು ಬರಲು. ಮನೆಗೆ ನೆಂಟರು ಬಂದು ಕೂತಿದ್ದರು, ಈ ಮಹಾಶಯನ ಪತ್ತೆ ಇರಲಿಲ್ಲ. ಹೋಗಿ ನೋಡಿದರೆ ವಯಸ್ಸಾದ ಗಂಡಸರೆಲ್ಲ ಒಂದು ಕಾರ್ಡಿನ ಸುತ್ತ ತಲೆ ಕೂಡಿಸಿ, ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಜಗಳವಾಡುತ್ತಿದ್ದರು.

ಜಗಳದ ವಿಷಯ ಹೀಗೆ. ಒಂದೇ ಗುರಿಗೆ ಐದು ಗುಂಡು ಹೊಡೆದರೆ ಕಾಗದದಲ್ಲಿ ಐದು ತೂತು ಬೀಳುತ್ತವೆ. ಅವು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಅನ್ನುವುದರಲ್ಲಿ ಗುರಿಕಾರನ ಯೋಗ್ಯತೆ ಇದೆ. ಆ ತೂತುಗಳ ಗುಂಪಿಗೆ ಅವರು ಗ್ರೂಪ್ ಅನ್ನುತ್ತಾರೆ. ಗ್ರೂಪ್ ನಡುವಿಗೆ ಬೀಳದೆ ಪಕ್ಕಕ್ಕೆ ಬಿದ್ದರೆ ಚಿಂತೆಯಿಲ್ಲ, ರೈಫಲ್ಲಿನ ತಿರುಪು ಒಂದಿಷ್ಟು ತಿರುಗಿಸಿದರೆ ನಡುವಿಗೆ ಬರುತ್ತದೆ. ಗ್ರೂಪೇ ಚದುರಿದರೆ ಮಾತ್ರ ಯಾವ ತಿರುಪೂ ಕೆಲಸಕ್ಕೆ ಬಾರದು. ಹಾಗಾಗಿ ತೀರಾ ದೂರದ ಎರಡು ತೂತುಗಳ ನಡುವಿನ ಅಂತರ ಅಳೆಯಬೇಕು, ಅದೂ ತೂತಿನ ನಡುವಿನಿಂದ ನಡುವಿಗೆ. ಆದರೆ ತೂತಿನ ನಡುವಿನಲ್ಲಿ ಇರುವುದು ಗಾಳಿ. ಗಾಳಿಯ ಮೇಲೆ ಸ್ಕೇಲ್ ಇಡುವುದು ಹೇಗೆ? ಅದರ ಮೇಲೆ ಕಾಗದ ಹರಿದು, ಎರಡು ಗುಂಡು ಒಂದರೊಳಗೊಂದು ಹೊಕ್ಕಿದ್ದರಂತೂ ಮುಗಿದೇ ಹೋಯಿತು.

ಟೇಪಕ್ಕ ನೆಂಟರನ್ನು ಮರೆತೇಬಿಟ್ಟಳು. ಜಗಳದ ನಡುವೆ ಮೂಗು ತೂರಿಸಿ, ನೀವೆಲ್ಲ ಅಳೆಯುತ್ತಿರುವುದು ನಿಮ್ಮ ನಿಮ್ಮ ಆಸೆಯನ್ನು, ಕಾರ್ಡನ್ನಲ್ಲ ಎಂದಳು. ಕ್ಲಬ್ಬಿನ ಹಿರಿಯರು ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಶಿಳ್ಳೆ ಊದಿ ಊದಿ ಗಂಟಲು ಕಟ್ಟಿದವರು. ಅವರಿಗೆ ಸಿಟ್ಟು ಬಂತು. ಮೂಲೆಯಲ್ಲಿದ್ದ ಕಂಪ್ಯೂಟರ್ ತೋರಿಸಿ, ಇದಕ್ಕೇ ಅಂತ ಸಾಫ್ಟ್‌ವೇರ್ ತಂದು ಹಾಕಿದ್ದೇವೆ, ತಿಳಿದವರು ಯಾರೂ ಇಲ್ಲ, ನಿಮಗೆ ಅಷ್ಟು ಬಂದರೆ ನೀವೇ ಮಾಡಿ ತೋರಿಸಿ ಎಂದುಬಿಟ್ಟರು. ಅವಳಿಗೆ ಹಾಗೆಲ್ಲ ಹೇಳಬಾರದು. ಮುಂದಿನ ಭಾನುವಾರ ಬರುವಷ್ಟರಲ್ಲಿ ಕಂಪ್ಯೂಟರಿನ ಮೇಲಿನ ಧೂಳೂ ಹೋಗಿತ್ತು, ಕ್ಲಬ್ಬಿನ ಗಂಡಸರ ಜಗಳವೂ ಹೋಗಿತ್ತು.

ಸಾಫ್ಟ್‌ವೇರ್ ಮಾಡುವ ಕೆಲಸ ದೊಡ್ಡ ಮಾಯಾಜಾಲವೇನಲ್ಲ. ಕಾರ್ಡನ್ನು ಗಾಜಿನ ಕೆಳಗೆ ಚಪ್ಪಟೆಯಾಗಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಬೇಕು. ಕಾರ್ಡಿನ ನಡುವೆ ಅಚ್ಚಾದ ಕಪ್ಪು ವೃತ್ತದ ಎರಡು ಅಂಚುಗಳಿಗೆ ಗುರುತು ಹಾಕಿ, ಇದರ ಅಗಲ ಇಷ್ಟು ಎಂದು ತಿಳಿಸಬೇಕು. ಇನ್ನು ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಅಡಿಪಾಯ. ಆಮೇಲೆ ಗುಂಡಿನಷ್ಟೇ ಅಗಲದ ಒಂದು ಕೆಂಪು ಬಳೆ ಪರದೆಯ ಮೇಲೆ ಬರುತ್ತದೆ. ಅದನ್ನು ಒಂದೊಂದೇ ತೂತಿನ ಮೇಲೆ ಎಳೆದು ತಂದು, ಹರಿದ ಅಂಚಿಗೆ ಸರಿಯಾಗಿ ಕೂರಿಸಬೇಕು. ಬಳೆ ಕೂತರೆ ನಡು ಸಿಕ್ಕಿತು. ಉಳಿದದ್ದನ್ನು ಅದೇ ಲೆಕ್ಕ ಹಾಕುತ್ತದೆ. ಬಳೆ ಕೂರಿಸುವ ಕೈ ಟೇಪಕ್ಕನದು. ಬಟ್ಟೆಯ ತೋಳನ್ನು ಭುಜಕ್ಕೆ ಕೂರಿಸಿದ ಕೈಗೆ ಇದೇನು ಮಹಾ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಬೇರೆಯವರು ಹೊಗಳಲಿ ಎಂದು ಕಾಯುವ ಜಾಯಮಾನ ಅವಳದಲ್ಲ.

ಬರಬರುತ್ತ ಕ್ಲಬ್ಬಿನಲ್ಲಿ ಒಂದು ಮಾತು ಬಳಕೆಗೆ ಬಂತು. ಟೇಪಕ್ಕ ಹೇಳಿದಳಾ? ಹಾಗಾದರೆ ಮುಗೀತು. ಅವಳು ಗಂಡನ ಕಾರ್ಡನ್ನೂ ಅಳೆಯುತ್ತಾಳಲ್ಲ ಎಂದು ಒಬ್ಬರೂ ತಕರಾರು ತೆಗೆಯಲಿಲ್ಲ. ತೆಗೆಯಲು ಕಾರಣವೂ ಇರಲಿಲ್ಲ. ಅವಳ ಅಳತೆಯಲ್ಲಿ ಬನ್ನಣ್ಣ ಪ್ರತಿ ವರ್ಷ ಐದನೆಯವನಾಗುತ್ತಿದ್ದ.

ಐದನೆಯವನಾಗುವುದು ಅಂದರೆ ಏನೆಂದು ಹೇಳಬೇಕು. ವರ್ಷಕ್ಕೊಮ್ಮೆ ಹೊಳೆಯಾಚೆಯ ಕ್ಲಬ್ಬಿನ ಜೊತೆ ಗ್ರೂಪ್ ಪಂದ್ಯ. ತಂಡಕ್ಕೆ ನಾಲ್ಕೇ ಜನ. ಪಿ.ಟಿ. ಮೇಷ್ಟ್ರ ಜಾಗ ಗಟ್ಟಿ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಅಕ್ಕತಂಗಿಯರಿಬ್ಬರ ಜಾಗ ಅದಕ್ಕಿಂತ ಗಟ್ಟಿ. ನಾಲ್ಕನೆಯ ಜಾಗ ಮಾತ್ರ ಪ್ರತಿ ಸಲ ಬನ್ನಣ್ಣನ ಕೈಗೆ ಬಂದಂತೆ ಮಾಡಿ ಜಾರುತ್ತಿತ್ತು. ಆಗ ಅವನು ಪಂದ್ಯಕ್ಕೆ ಬನ್ನು ಹೊತ್ತುಕೊಂಡು ಹೋಗುತ್ತಿದ್ದ, ಗೆದ್ದವರಿಗೆ ಚಪ್ಪಾಳೆ ತಟ್ಟುತ್ತಿದ್ದ, ನಗುತ್ತ ಮನೆಗೆ ಬರುತ್ತಿದ್ದ. ಮನೆಗೆ ಬಂದ ಮೇಲೆ ಎರಡು ದಿನ ಅವನ ಬ್ರೆಡ್ಡು ಸರಿಯಾಗಿ ಉಬ್ಬುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಟೇಪಕ್ಕನಿಗೆ ಮಾತ್ರ.

ಈ ವರ್ಷ ಅವನ ಮೊಣಕೈ ಕೈಕೊಟ್ಟಿತು. ಡಾಕ್ಟರು ನೋಡಿ, ಹಿಟ್ಟು ನಾದುವುದು ಅಥವಾ ರೈಫಲ್ ಹಿಡಿಯುವುದು, ಎರಡರಲ್ಲಿ ಒಂದನ್ನು ಬಿಡಿ ಎಂದರು. ಹೊಟ್ಟೆಪಾಡು ಬಿಡಲಾಗುವುದಿಲ್ಲ. ಈ ಒಂದು ಪಂದ್ಯ ಆಗಲಿ, ಆಮೇಲೆ ರೈಫಲ್ ಮಾರಿಬಿಡುತ್ತೇನೆ ಎಂದ ಬನ್ನಣ್ಣ. ಹೇಳುವಾಗ ಅವನು ನಗಲಿಲ್ಲ.

ನಾಲ್ಕನೆಯ ಜಾಗಕ್ಕೆ ಅವನ ಎದುರಾಳಿ ಆಂಬುಲೆನ್ಸ್ ಓಡಿಸುವವನೊಬ್ಬ. ಬಾಯಿ ಬಿಟ್ಟರೆ ಪಕ್ಕದವರಿಗೂ ಕೇಳಿಸದಷ್ಟು ಮೆಲುದನಿಯವನು, ಅದಕ್ಕೇ ಕ್ಲಬ್ಬಿನವರು ಅವನಿಗೆ ಸೈರನ್ ಎಂದು ಹೆಸರಿಟ್ಟಿದ್ದರು. ಆ ತಿಂಗಳು ಪ್ರತಿಯೊಬ್ಬರೂ ಮೇಷ್ಟ್ರ ಕಣ್ಣೆದುರು ತಮ್ಮ ಪಾಲಿನ ಕಾರ್ಡುಗಳನ್ನು ಹೊಡೆದು ಕೊಡಬೇಕು, ಯಾರ ಗ್ರೂಪಿನ ಸರಾಸರಿ ಚಿಕ್ಕದೋ ಅವರು ತಂಡಕ್ಕೆ. ಸೈರನ್‌ಗೆ ತಿಂಗಳ ಕೊನೆಗೆ ಪಾಳಿ ಬಿಗಿಯಾಗಿತ್ತು, ಅವನು ಮೊದಲೇ ಹೊಡೆದು ಮುಗಿಸಿದ. ಬನ್ನಣ್ಣ ಮೊಣಕೈಗೆ ವಿಶ್ರಾಂತಿ ಕೊಡುತ್ತ ಕೊಡುತ್ತ ಕೊನೆಯ ವಾರಗಳಲ್ಲಿ, ಹಳೆಯ ಕಾರ್ಡು ಮುಗಿದು ಹೊಸದಾಗಿ ಅಚ್ಚು ಹಾಕಿಸಿ ತಂದ ಕಾರ್ಡುಗಳಿಗೆ ಹೊಡೆದ.

ಟೇಪಕ್ಕ ಅಳೆದಳು. ಕೂದಲೆಳೆಯಷ್ಟು ಅಂತರದಲ್ಲಿ ಬನ್ನಣ್ಣ ನಾಲ್ಕನೆಯವನಾದ. ತಪ್ಪಿರಬಹುದೆಂದು ಅವಳು ಇನ್ನೊಮ್ಮೆ ಬಳೆ ಕೂರಿಸಿದಳು, ಅದೇ ಉತ್ತರ ಬಂತು. ಗಂಡನ ಕಾರ್ಡಿನ ತೂತುಗಳಿಗೆ ಬಳೆ ಯಾಕೋ ಸ್ವಲ್ಪ ಸಡಿಲವಾಗಿ ಕಂಡಿತ್ತು. ಹೊಸ ಕಾರ್ಡಿನ ಕಾಗದ ಬೇರೆ ತರಹದ್ದು, ಗುಂಡು ಹೋದ ಮೇಲೆ ತೂತು ಮುಚ್ಚಿಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಮುಂದೆ ಹೋದಳು. ಎಲ್ಲರ ಮುಂದೆ ಹೆಸರು ಓದುವಾಗ ಅವಳ ದನಿ ಯಾವತ್ತಿನಷ್ಟೇ ಗಟ್ಟಿಯಾಗಿತ್ತು. ಬನ್ನಣ್ಣ ಅಲ್ಲೇ ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಸೈರನ್ ಬಂದು ಅವನ ಬೆನ್ನು ತಟ್ಟಿದ.

ಆ ವಾರ ಬೇಕರಿಗೆ ಹೋದವರಿಗೆಲ್ಲ ಹಬ್ಬ. ಬ್ರೆಡ್ ಕೊಂಡವರಿಗೆ ಬಿಸ್ಕತ್ತು ಪುಕ್ಕಟೆ. ಟೇಪಕ್ಕ ಕಾರ್ಖಾನೆಯಲ್ಲಿ ಉಳಿದಿದ್ದ ಒಳ್ಳೆ ಕ್ಯಾನ್ವಾಸ್ ಕೊಂಡು ತಂದು ಗಂಡನಿಗೆ ಶೂಟಿಂಗ್ ಜಾಕೆಟ್ ಕತ್ತರಿಸಿದಳು, ಮೊಣಕೈಗೆ ಒಳಗಿನಿಂದ ಮೆತ್ತೆ ಕೊಟ್ಟಳು. ಅವನು ಅದನ್ನು ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ. ಸೆಕೆಗೆ ಬೆವರುತ್ತಿದ್ದ, ತೆಗೆಯುತ್ತಿರಲಿಲ್ಲ. ಅವಳು ಅವನನ್ನು ಆಡಿಕೊಂಡಳು, ಆದರೆ ಅವನ ಸಂತೋಷ ನೋಡಿ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೀಗಿರುವಾಗ ಕಾರ್ಖಾನೆಗೆ ಒಂದು ಹೊಸ ಆರ್ಡರ್ ಬಂತು. ಗಿರಾಕಿ ಕಂಪ್ಯೂಟರಿನಲ್ಲಿ ಕಳಿಸಿದ ಅಂಗಿಯ ನಕ್ಷೆಯನ್ನು ಮೂಲೆಯಂಗಡಿಯ ಜೆರಾಕ್ಸಿನವನ ಹತ್ತಿರ ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದರು. ಇಂಥ ನಕ್ಷೆಗಳ ಒಂದು ಮೂಲೆಯಲ್ಲಿ ಪುಟ್ಟ ಚೌಕವೊಂದು ಇರುತ್ತದೆ, ಅದರ ಅಳತೆಯನ್ನೂ ಪಕ್ಕದಲ್ಲೇ ಬರೆದಿರುತ್ತಾರೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಆ ಚೌಕದ ಮೇಲೆ ಸ್ಕೇಲ್ ಇಟ್ಟು ನೋಡಬೇಕು. ಅಚ್ಚು ಹಾಕುವಾಗ ನಕ್ಷೆ ಹಿಗ್ಗಿದ್ದರೆ ಅಥವಾ ಕುಗ್ಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಚೌಕ ನೋಡದೆ ಕತ್ತರಿ ಹಿಡಿದವರು ಟೇಪಕ್ಕನ ಬಾಯಿಗೆ ಸಿಕ್ಕಿ ಬದುಕಿದ್ದಿಲ್ಲ. ಅವಳು ಉಕ್ಕಿನ ಸ್ಕೇಲ್ ಇಟ್ಟು ನೋಡಿದಳು. ಚೌಕ ಬರೆದದ್ದಕ್ಕಿಂತ ದೊಡ್ಡದಾಗಿತ್ತು.

ಜೆರಾಕ್ಸಿನವನಿಗೆ ಫೋನ್ ಹಚ್ಚಿ ಸರಿಯಾಗಿ ಮಂಗಳಾರತಿ ಮಾಡಿದಳು. ಅಂಗಿಯೊಳಗೆ ಮನುಷ್ಯ ಇರಬೇಕಾ, ಎಮ್ಮೆ ಇರಬೇಕಾ ಎಂದು ಕೇಳಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ತನ್ನ ಪಾಡಿಗೆ ತಾನು ಒಂದು ಮಾತು ಹೇಳಿದ.

“ಹೊಸ ಮಿಷಿನ್ ಅಕ್ಕ, ಎಲ್ಲವನ್ನೂ ಕಾಗದ ತುಂಬೋ ಹಾಗೆ ಒಂಚೂರು ಹಿಗ್ಗಿಸುತ್ತೆ. ನಿಮ್ಮ ಕ್ಲಬ್ಬಿನ ಕಾರ್ಡೂ ಈ ಸಲ ಅದರಲ್ಲೇ ಅಚ್ಚು ಹಾಕಿದ್ದು. ಅಲ್ಲಿ ಯಾರೂ ಏನೂ ಅನ್ನಲಿಲ್ವಲ್ಲ.”

ಬಯ್ಯುತ್ತಿದ್ದ ಬಾಯಿ ಅಲ್ಲಿಗೇ ನಿಂತಿತು. ಫೋನ್ ಇಟ್ಟು, ಊಟದ ಬಿಡುವಿಗೂ ಕಾಯದೆ, ಸ್ಕೇಲ್ ಕೈಯಲ್ಲೇ ಹಿಡಿದುಕೊಂಡು ಗೋದಾಮಿಗೆ ನಡೆದಳು. ಹಳೆಯ ಕಾರ್ಡಿನ ಕಪ್ಪು ವೃತ್ತ ಅಳೆದಳು, ಹೊಸದರ ವೃತ್ತ ಅಳೆದಳು. ಹೊಸದು ದೊಡ್ಡದು. ಅವಳೋ ಎರಡಕ್ಕೂ ಒಂದೇ ಅಗಲ ಎಂದು ಸಾಫ್ಟ್‌ವೇರಿಗೆ ಹೇಳಿದ್ದಳು. ಅದು ಪಾಪ ಹೇಳಿದ್ದನ್ನು ನಂಬಿ, ಹೊಸ ಕಾರ್ಡಿನ ಗ್ರೂಪುಗಳನ್ನೆಲ್ಲ ಇದ್ದದ್ದಕ್ಕಿಂತ ಚಿಕ್ಕದು ಮಾಡಿ ತೋರಿಸಿತ್ತು. ಸೈರನ್ ಹೊಡೆದದ್ದೆಲ್ಲ ಹಳೆಯ ಕಾರ್ಡು. ಗಂಡ ಹೊಡೆದದ್ದೆಲ್ಲ ಹೊಸದು. ಬಳೆ ಸಡಿಲವಾಗಿ ಕಂಡದ್ದು ಕಾಗದದ ಗುಣದಿಂದಲ್ಲ, ಅವಳು ಕೊಟ್ಟ ಅಳತೆಯೇ ಸುಳ್ಳಾದ್ದರಿಂದ.

ಸರಿಯಾದ ಅಗಲ ಕೊಟ್ಟು ಮತ್ತೆ ಅಳೆದಳು. ಬಳೆ ತೂತುಗಳಿಗೆ ಅಚ್ಚುಕಟ್ಟಾಗಿ ಕೂತಿತು. ಬನ್ನಣ್ಣ ಮತ್ತೆ ಐದನೆಯವನಾದ, ಈ ಸಲವೂ ಕೂದಲೆಳೆಯಲ್ಲಿ.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅವಳು ವರ್ಷವಿಡೀ ಅವರ ತಲೆ ತಿನ್ನುತ್ತಿದ್ದಳು. ಬಟ್ಟೆಗೆ ದಿನಾ ಮಾಡುವ ಕೆಲಸವನ್ನು ಕಾಗದಕ್ಕೆ ಮಾಡಲು ಅವಳಿಗೆ ಹೊಳೆದಿರಲಿಲ್ಲ. ಆ ಸಿಟ್ಟು ಒಂದು ಕಡೆ ಇರಲಿ. ಗಲ್ಲಾಪೆಟ್ಟಿಗೆಯ ಹಿಂದೆ ಜಾಕೆಟ್ ಹಾಕಿಕೊಂಡು ಕೂತ ಗಂಡನ ಮುಖ ನೆನಪಾಗಿ ಅವಳಿಗೆ ನಿಜಕ್ಕೂ ಸಂಕಟವಾಯಿತು. ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಮಾತ್ರ ಅವಳಿಗೆ ಏಳಲೇ ಇಲ್ಲ. ಯಾರಿಗೆ ಮೊದಲು ಹೇಳಬೇಕು ಅನ್ನುವುದಷ್ಟೇ ಪ್ರಶ್ನೆಯಾಗಿತ್ತು, ಅದಕ್ಕೂ ಉತ್ತರ ಗೊತ್ತಿತ್ತು.

ಬೇಕರಿಯ ಹಿಂದಿನ ಕೋಣೆಯಲ್ಲಿ ಬನ್ನಣ್ಣ ಸಂಜೆಯ ಬ್ರೆಡ್ಡಿಗೆ ಹಿಟ್ಟು ತುಂಡು ಮಾಡುತ್ತಿದ್ದ. ಈ ಹೊತ್ತಿಗೆ ಹೆಂಡತಿ ಬಂದದ್ದು ನೋಡಿ ಕೈ ಒರೆಸಿಕೊಂಡ.

“ರೀ, ನಿಮ್ಮ ಕಾರ್ಡು ನಾನು ತಪ್ಪಾಗಿ ಅಳೆದಿದ್ದೀನಿ.”

“ಎಷ್ಟು ತಪ್ಪು?”

“ಕೂದಲೆಳೆಯಷ್ಟು.”

“ಅಷ್ಟೇ ತಾನೆ? ಅದಕ್ಕ್ಯಾಕೆ ಕೆಲಸ ಬಿಟ್ಟು ಬಂದೆ?”

“ನೀವು ಗೆದ್ದಿದ್ದೂ ಅಷ್ಟರಲ್ಲೇ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಂದು ಹಿಟ್ಟಿನ ತುಂಡು ತೆಗೆದುಕೊಂಡು ಸುಮ್ಮನೆ ಉರುಳಿಸಿದ, ಬನ್ನಿನ ಆಕಾರವೂ ಅಲ್ಲ, ಬ್ರೆಡ್ಡಿನ ಆಕಾರವೂ ಅಲ್ಲ.

“ಇದು ಯಾರಿಗೆ ಗೊತ್ತು?”

“ನನಗೆ ಗೊತ್ತು.”

“ಬೇರೆ ಯಾರಿಗೆ ಅಂತ ಕೇಳಿದ್ದು.”

“ನಿಮಗೆ. ಈಗ ಹೇಳಿದ್ನಲ್ಲ.”

ಬನ್ನಣ್ಣ ಹಿಟ್ಟನ್ನು ಹಲಗೆಯ ಮೇಲೆ ಇಟ್ಟ. ಅವನು ಜೀವಮಾನದಲ್ಲಿ ಹೆಂಡತಿಯನ್ನು ಏನನ್ನೂ ಬೇಡಿದವನಲ್ಲ. “ಒಂದ್ಸಲ,” ಎಂದ, “ಇದೊಂದೇ ಒಂದ್ಸಲ, ಗಂಡ ಅಂತ ನೋಡ್ಬಾರ್ದಾ?”

“ಗಂಡ ಅಂತಲೇ ಮೊದಲು ನಿಮಗೆ ಹೇಳಿದ್ದು. ಭಾನುವಾರ ಎಲ್ಲರಿಗೂ ಹೇಳ್ತೀನಿ.”

ಅಷ್ಟು ಹೇಳಿ ಅವಳು ಕಾರ್ಖಾನೆಗೆ ಹಿಂದಿರುಗಿದಳು. ದಾರಿಯಲ್ಲಿ ಅವಳ ಕಾಲು ಎಂದಿನಷ್ಟು ಬೇಗ ಓಡಲಿಲ್ಲ. ಮಧ್ಯಾಹ್ನ ಅವಳು ಯಾರನ್ನೂ ಬೈಯಲಿಲ್ಲವೆಂದು ಕಟಿಂಗ್ ಟೇಬಲ್ಲಿನವರಿಗೆಲ್ಲ ಗಾಬರಿಯಾಯಿತು.

ಭಾನುವಾರ ಕ್ಲಬ್ಬಿನಲ್ಲಿ ಅವಳು ಹಳೆಯ ಕಾರ್ಡು, ಹೊಸ ಕಾರ್ಡು ಎರಡನ್ನೂ ಪಕ್ಕಪಕ್ಕ ಇಟ್ಟು, ತನ್ನಿಂದಾದ ತಪ್ಪು ಇದು ಎಂದು ಬಿಚ್ಚಿ ಹೇಳಿ ಕ್ಷಮೆ ಕೇಳಿದಳು. ಅವಳು ಅಂದುಕೊಂಡದ್ದೇ ಒಂದು, ಆದದ್ದೇ ಒಂದು. ಯಾರೂ ಕೋಪಿಸಿಕೊಳ್ಳಲಿಲ್ಲ. ಪಿ.ಟಿ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಒಮ್ಮೆ ಓದಿದ ಹೆಸರು ಓದಿದ್ದಾಯಿತು, ಬನ್ನಣ್ಣನ ಮೊಣಕೈ ವಿಷಯ ಎಲ್ಲರಿಗೂ ಗೊತ್ತಿದೆ, ಇದನ್ನು ಹೊಟ್ಟೆಗೆ ಹಾಕಿಕೊಳ್ಳೋಣ ಎಂದರು. ಅಂಚೆಯ ಅಕ್ಕತಂಗಿಯರು ತಲೆಯಾಡಿಸಿದರು. ಸೈರನ್ ಕೂಡ, ತನಗೆ ಪಾಳಿ ಇದ್ದರೂ ಇರಬಹುದು, ಅಣ್ಣನೇ ಹೋಗಲಿ ಎಂದು ಗೊಣಗಿದ. ಅವನಿಗೆ ಆ ದಿನ ಪಾಳಿ ಇರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಟೇಪಕ್ಕ ಒಪ್ಪಲಿಲ್ಲ. ನೀವು ದೊಡ್ಡ ಮನಸ್ಸು ಮಾಡುವುದಾದರೆ ಮಾಡಿ, ನಾಳೆಯಿಂದ ಅಳೆಯಲು ಬೇರೆಯವರನ್ನು ನೋಡಿಕೊಳ್ಳಿ, ಪ್ಲಾಸ್ಟಿಕ್ ಸ್ಕೇಲ್ ಇನ್ನೂ ಕಪಾಟಿನಲ್ಲೇ ಇದೆ ಎಂದಳು. ಮೇಷ್ಟ್ರು ಬೇರೆ ದಾರಿ ಕಾಣದೆ ಬನ್ನಣ್ಣನ ಕಡೆ ತಿರುಗಿದರು. ಅವನು ಗೋಡೆಯ ಕಡೆ ನೋಡುತ್ತ ಕೂತಿದ್ದ.

“ಅವಳು ಅಳೆದಾಯ್ತಲ್ಲ. ಮುಗೀತು,” ಎಂದ. ಎದ್ದು ಹೊರಗೆ ಹೋದ.

ಟೇಪಕ್ಕ ಅಲ್ಲೇ ಸೈರನ್‌ನನ್ನು ನಿಲ್ಲಿಸಿ, ಎದೆ, ಭುಜ, ತೋಳಿನ ಅಳತೆ ತೆಗೆದುಕೊಂಡಳು. ತಂಡದಲ್ಲಿ ಆಡುವವನು ಹರಕು ಜಾಕೆಟ್ ಹಾಕಿಕೊಂಡು ಹೋಗುವುದು ಬೇಡ ಅನ್ನುವುದು ನೆಪ. ನಿಜ ಹೇಳಬೇಕೆಂದರೆ ಆಗ ಅವಳ ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಸೈರನ್ ಉಸಿರು ಬಿಗಿಹಿಡಿದು ನಿಂತಿದ್ದ, ಅವಳು ಉಸಿರಾಡು ಮಾರಾಯ ಎಂದಳು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಮಾತು ನಿಂತಿತು. ಜಗಳವಾದರೂ ಆಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು, ಜಗಳದಲ್ಲಿ ಅವಳನ್ನು ಸೋಲಿಸಿದವರಿಲ್ಲ. ಬನ್ನಣ್ಣ ಜಗಳವಾಡಲಿಲ್ಲ. ಕೇಳಿದ್ದಕ್ಕೆ ಹೂಂ ಅಂದ, ಉಹೂಂ ಅಂದ. ಜಾಕೆಟನ್ನು ಮಡಿಸಿ ಕಪಾಟಿನ ಮೇಲಿನ ಹಲಗೆಗೆ ಹಾಕಿದ. ಪುಕ್ಕಟೆ ಬಿಸ್ಕತ್ತು ನಿಂತಿತು, ಬ್ರೆಡ್ಡು ಇಟ್ಟಿಗೆಯ ಹಾಗೆ ಬಂತು, ಹಳೆಯ ಗಿರಾಕಿಗಳು ಮುಲಾಜಿಗೆ ಕೊಂಡುಹೋದರು. ಮದುವೆಯಾಗಿ ಊರಾಚೆ ಇರುವ ಮಗಳು ಫೋನಿನಲ್ಲಿ ವಿಷಯ ಕೇಳಿ, ಅಮ್ಮಾ ಒಂದು ಕ್ಷಮೆ ಕೇಳಿಬಿಡು ಎಂದಳು. ತಪ್ಪಾಗಿ ಅಳೆದದ್ದಕ್ಕೆ ಕೇಳಿದ್ದೇನೆ, ಸರಿಯಾಗಿ ಅಳೆದದ್ದಕ್ಕೆ ಕೇಳುವುದಿಲ್ಲ ಎಂದಳು ಟೇಪಕ್ಕ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು. ತಾನು ಸರಿ ಅನ್ನುವುದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಗಂಡನ ಮೌನ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ.

ಪಂದ್ಯದ ದಿನ ಬನ್ನಣ್ಣ ಬರುತ್ತಾನೋ ಇಲ್ಲವೋ ಎಂದು ಕ್ಲಬ್ಬಿನವರಿಗೆಲ್ಲ ಗುಮಾನಿ. ಅವನು ಬಂದ, ಎರಡು ದೊಡ್ಡ ಟ್ರೇ ಬನ್ನು ಹೊತ್ತು. ಒಪ್ಪಿಕೊಂಡ ಆರ್ಡರ್ ತಪ್ಪಿಸುವ ಅಭ್ಯಾಸ ತನಗಿಲ್ಲ ಎಂದು ಮೇಷ್ಟ್ರಿಗೆ ಹೇಳಿದ. ಬಸ್ಸಿನಲ್ಲಿ ಹೆಂಡತಿಯಿಂದ ನಾಲ್ಕು ಸೀಟು ಹಿಂದೆ ಕೂತ.

ಹೊಳೆಯಾಚೆಯ ಕ್ಲಬ್ಬಿನದು ದೊಡ್ಡ ಸಭಾಂಗಣ, ನೆಲಕ್ಕೆ ಮೆರುಗು, ಗೋಡೆಗೆ ಹಳೆಯ ಪಂದ್ಯಗಳ ಫೋಟೋ. ಬೆಳಗಿನಿಂದ ಎರಡೂ ತಂಡಗಳು ಬಿಟ್ಟೂಬಿಡದೆ ಸಮಸಮ ನಡೆದವು. ಮಧ್ಯಾಹ್ನದ ಹೊತ್ತಿಗೆ ಇಡೀ ಪಂದ್ಯ ಕೊನೆಯ ಎರಡು ಕಾರ್ಡಿನ ಮೇಲೆ ಬಂದು ನಿಂತಿತು. ಒಂದು ಸೈರನ್‌ದು, ಇನ್ನೊಂದು ಅವರ ಕಡೆಯ ನಾಲ್ಕನೆಯವನದು. ಎರಡರಲ್ಲೂ ಐದು ಗುಂಡು ಸೇರಿ ಒಂದೇ ಹರಕು ತೂತು. ತೀರ್ಪುಗಾರರು ಒಂದು ಭೂತಕನ್ನಡಿ, ಒಂದು ಸ್ಕೇಲ್ ಹಿಡಿದು ಮೂರು ಸಲ ಅಳೆದರು. ಮೂರು ಸಲಕ್ಕೆ ಮೂರು ಉತ್ತರ ಬಂತು. ಗಲಾಟೆ ಎದ್ದಿತು.

ನಮ್ಮ ಮೇಷ್ಟ್ರು, ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ತಂದಿದ್ದೇವೆ, ಟೇಪಕ್ಕ ಅಳೆಯಲಿ ಎಂದರು. ಎದುರು ತಂಡದ ಕೋಚ್ ಹೊಸದಾಗಿ ಸೇರಿದ್ದ ಚುರುಕು ಹುಡುಗಿ. ಅವಳು ಬಿಲ್ಕುಲ್ ಒಪ್ಪಲಿಲ್ಲ. ನಿಮ್ಮ ಕ್ಲಬ್ಬಿನವರು ನಿಮ್ಮ ಕಾರ್ಡು ಅಳೆದರೆ ನಾವು ಬಾಯಿ ಮುಚ್ಚಿಕೊಂಡು ಕೇಳಬೇಕಾ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಟೇಪಕ್ಕನೇ ಅದು ಸರಿಯಾದ ಮಾತು ಎಂದಳು.

ಆಗ ಅವರ ಕ್ಲಬ್ಬಿನ ಮುದುಕ ಅಧ್ಯಕ್ಷರು ಕುರ್ಚಿಯಿಂದ ಎದ್ದರು.

“ಕೂದಲೆಳೆಗೆ ಕಟ್ಟಿಕೊಂಡ ಗಂಡನನ್ನೇ ತಂಡದಿಂದ ಆಚೆ ಹಾಕಿದ ಹೆಂಗಸು ಇವರೇ ಅಲ್ವಾ? ಇವರೇ ಅಳೀಲಿ. ಇವರು ಏನು ಹೇಳಿದ್ರೂ ನಾನು ಸಹಿ ಹಾಕ್ತೀನಿ.”

ಸುದ್ದಿ ಹೊಳೆ ದಾಟಿತ್ತೆಂದು ಟೇಪಕ್ಕನಿಗೆ ಆಗಲೇ ಗೊತ್ತಾದದ್ದು. ಕೋಚ್ ಹುಡುಗಿಗೆ ನಂಬಿಕೆ ಬರಲಿಲ್ಲ. ಇಂಥವೆಲ್ಲ ಯಾರೋ ಕಟ್ಟಿದ ಕಥೆ ಇರುತ್ತವೆ, ಯಾವ ಗಂಡ, ಎಲ್ಲಿದ್ದಾನೆ ಎಂದು ಕೇಳಿದಳು.

ಸಭಾಂಗಣದ ಹಿಂಭಾಗದಿಂದ ಯಾರೋ ಟ್ರೇ ಕೆಳಗಿಟ್ಟ ಸದ್ದಾಯಿತು.

“ಕಥೆ ಅಲ್ಲಮ್ಮ,” ಎಂದ ಬನ್ನಣ್ಣ. “ಆ ಗಂಡ ನಾನೇ.”

ಎಲ್ಲರೂ ತಿರುಗಿ ನೋಡಿದರು. ಅವನು ಕುರ್ಚಿಗಳ ನಡುವಿನಿಂದ ಮುಂದೆ ಬಂದ. ಅಷ್ಟು ಜನ ಒಟ್ಟಿಗೆ ತನ್ನನ್ನೇ ನೋಡಿದ್ದು ಅವನ ಆಯುಸ್ಸಿನಲ್ಲೇ ಮೊದಲು. ಕೋಚ್ ಹುಡುಗಿ ಸ್ವಲ್ಪ ಮೆತ್ತಗಾಗಿ, ನಿಮಗೆ ಬೇಜಾರಾಗಲಿಲ್ಲವಾ ಎಂದು ಕೇಳಿದಳು.

“ತುಂಬಾ ಆಯ್ತು. ಇನ್ನೂ ಇದೆ,” ಎಂದ. “ಆದ್ರೆ ನಾಲ್ಕನೆಯವನು ನಾನಲ್ಲ, ಅವನು. ಅದನ್ನ ಹೇಳೋಕೆ ಇವಳಿಗೆ ನನಗಿಂತ ಹೆಚ್ಚು ಕಷ್ಟ ಆಗಿದೆ. ಅಡುಗೆಮನೆಯಲ್ಲಿ ಅಳೋದು ಕೇಳಿಸಿದೆ ನನಗೆ.”

ಟೇಪಕ್ಕ ತಲೆ ಎತ್ತಲಿಲ್ಲ. ಮೊದಲು ಉಕ್ಕಿನ ಸ್ಕೇಲ್ ತೆಗೆದು ಎರಡೂ ಕಾರ್ಡಿನ ಕಪ್ಪು ವೃತ್ತಗಳನ್ನು ಅಳೆದು, ಕೋಚ್ ಹುಡುಗಿಗೂ ಅಧ್ಯಕ್ಷರಿಗೂ ತೋರಿಸಿದಳು. ಗಾಜು ಅವರಲ್ಲಿರಲಿಲ್ಲ. ಕಾರ್ಡಿನ ಅಂಚು ಸುರುಳಿಯಾಗುತ್ತಿತ್ತು. ಬನ್ನಣ್ಣ ಕರೆಯದೆಯೇ ಬಂದು ನಾಲ್ಕು ಮೂಲೆಗಳನ್ನು ಬೆರಳುಗಳಿಂದ ಒತ್ತಿ ಹಿಡಿದ, ಅವಳು ಒಂದೊಂದಾಗಿ ಎರಡೂ ಕಾರ್ಡಿನ ಫೋಟೋ ತೆಗೆದಳು. ಬಳೆಯನ್ನು ಮೊದಲ ತೂತಿನ ಮೇಲೆ ತಂದಾಗ ಅವಳ ಕಣ್ಣು ಮಂಜಾಯಿತು. ಸೆರಗಿನ ತುದಿಯಿಂದ ಒರೆಸಿಕೊಂಡು ಮತ್ತೆ ಕೂರಿಸಿದಳು. ಹತ್ತು ಬಳೆಗಳೂ ಕೂತವು. ಮೇಷ್ಟ್ರು ಉಗುರು ಕಚ್ಚುತ್ತಿದ್ದರು. ಸೈರನ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.

“ಅವರದ್ದೇ ಚಿಕ್ಕದು,” ಎಂದಳು ಟೇಪಕ್ಕ, ಎಲ್ಲರಿಗೂ ಕೇಳಿಸುವ ಹಾಗೆ. “ನಾವು ಸೋತ್ವಿ.”

ಕಾರ್ಡಿನ ಮೇಲಿನಿಂದ ಬೆರಳು ತೆಗೆಯದೆಯೇ, ಎಲ್ಲರಿಗಿಂತ ಮೊದಲು “ಸರಿ” ಅಂದವನು ಬನ್ನಣ್ಣ.